ತಂಡ ಹೊತ್ತವನ ಬೆನ್ನು

"ಬೆನ್ನು ನೋಯದೆ ಇನ್ನೇನಾಗುತ್ತೆ? ವರ್ಷವಿಡೀ ಇಡೀ ತಂಡವನ್ನ ಅದರ ಮೇಲೇ ಹೊತ್ಕೊಂಡು ಓಡಾಡಿದ್ದಾನಲ್ಲ!"

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನ ಗಟ್ಟಿ ಆಟಗಾರನೊಬ್ಬ ಬೆನ್ನುನೋವಿನಿಂದ ಮುಂದಿನ ಪಂದ್ಯಕ್ಕಿಲ್ಲ ಎಂಬ ಸುದ್ದಿ ಬಂದರೆ ಅಭಿಮಾನಿಗಳ ಬಾಯಲ್ಲಿ ಮೊದಲು ಬರುವ ಜೋಕು ಇದು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: ಅವನಿಗೆ ಬೆನ್ನುನೋವು ಬಂದಿಲ್ಲ, ಬೆನ್ನುನೋವಿಗೇ ಅವನು ಗಂಟುಬಿದ್ದಿದ್ದಾನೆ, ಪಾಪ ಅದು. ತಂಡ ಸತತವಾಗಿ ಎರಡು ಪಂದ್ಯ ಸೋತಿದ್ದರೆ ಮಾತು ಹುಳಿಯಾಗುತ್ತದೆ. ಏನಪ್ಪಾ, ಸಂಬಳದ ಚೆಕ್ ಎತ್ತೋಕೆ ಬಗ್ಗಿದಾಗ ಸೊಂಟ ಹಿಡ್ಕೊಂಡಿತಾ?

ಈ ಮೊದಲ ಜೋಕನ್ನು ಕನ್ನಡಕ್ಕೆ ತರುವಾಗ ಒಂದು ತೊಡಕಿದೆ. ನಾವು ಜವಾಬ್ದಾರಿ ಹೊರುವುದು ಹೆಗಲ ಮೇಲೆ. ಬೆನ್ನು ನಮ್ಮಲ್ಲಿ ಬೇರೆ ಕೆಲಸಗಳಿಗಿದೆ: ತಟ್ಟುವುದಕ್ಕೆ, ಹೆದರಿ ಓಡುವಾಗ ತೋರಿಸುವುದಕ್ಕೆ, ಚೂರಿ ಹಾಕಿಸಿಕೊಳ್ಳುವುದಕ್ಕೆ. ಬೆನ್ನೆಲುಬು ಎಂದು ಕರೆಯುವುದಂತೂ ರೈತನನ್ನು. ರೈತ ದೇಶದ ಬೆನ್ನೆಲುಬು ಎಂದು ಶಾಲೆಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸುತ್ತೇವೆ, ಆ ರೈತನ ಸೊಂಟ ಹೇಗಿದೆ ಅಂತ ವಿಚಾರಿಸಿದವರನ್ನು ನಾನಿನ್ನೂ ನೋಡಿಲ್ಲ. ಆಸ್ಟ್ರೇಲಿಯದ ಜೋಕಿನ ಒಳಗಿರುವುದೂ ಬಹುಪಾಲು ಇದೇ. ಹೊಗಳಿದಂತೆ ಇರುತ್ತದೆ, ಆದರೆ ಹೊರೆ ಇಳಿಸುವ ಮಾತು ಅದರಲ್ಲಿರುವುದಿಲ್ಲ.

ಆಟ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೊಟ್ಟೆಯಾಕಾರದ ಮೈದಾನ, ಮೊಟ್ಟೆಯಾಕಾರದ ಚೆಂಡು, ಮೈದಾನದೊಳಗೆ ಒಂದೊಂದು ತಂಡದಿಂದ 18 ಜನ. ತಲಾ 20 ನಿಮಿಷದ 4 ಕ್ವಾರ್ಟರ್, ಚೆಂಡು ನಿಂತ ಹೊತ್ತನ್ನು ಸೇರಿಸಿದರೆ ಇನ್ನೂ ಜಾಸ್ತಿ. ಗೋಲಿಗೆ 6 ಅಂಕ, ಸ್ವಲ್ಪ ಪಕ್ಕಕ್ಕೆ ಹೋದರೆ 1. ಮಧ್ಯದಲ್ಲಿ ಆಡುವವರು ಒಂದು ಪಂದ್ಯಕ್ಕೆ 12 ಕಿಲೋಮೀಟರಿಗೂ ಹೆಚ್ಚು ಓಡುತ್ತಾರೆ. ಬೆನ್ನಿನ ದೃಷ್ಟಿಯಿಂದ ಮುಖ್ಯವಾದ ಸಂಗತಿ ಎಂದರೆ ಇಲ್ಲಿ ಆಫ್‌ಸೈಡ್ ಇಲ್ಲ. ರಗ್ಬಿಯಲ್ಲಿ ಎದುರಾಳಿ ಹೆಚ್ಚುಕಡಿಮೆ ಕಣ್ಣೆದುರಿನಿಂದ ಬರುತ್ತಾನೆ. ಈ ಆಟದಲ್ಲಿ ಎಡ, ಬಲ, ಹಿಂದೆ, ಎಲ್ಲಿಂದ ಬೇಕಾದರೂ ನುಗ್ಗಬಹುದು. ತಲೆ ಎತ್ತಿ ಆಕಾಶದಲ್ಲಿರುವ ಚೆಂಡು ನೋಡುತ್ತಿರುವವನಿಗೆ ತನ್ನ ಬೆನ್ನ ಹಿಂದೆ ಯಾರು ಓಡಿಬರುತ್ತಿದ್ದಾರೆ ಎಂಬುದು ಗೊತ್ತಾಗುವುದು ಪೆಟ್ಟು ಬಿದ್ದ ಮೇಲೆಯೇ.

ಬೆನ್ನಿನ ವಿಷಯದಲ್ಲಿ ಈ ಆಟದ ಕಾನೂನಿಗೂ ಎರಡು ನಾಲಿಗೆ. ಹಿಂದಿನಿಂದ ಬೆನ್ನಿಗೆ ತಳ್ಳಿದರೆ ತಪ್ಪು, ಅಂಪೈರ್ ಫ್ರೀ ಕಿಕ್ ಕೊಡುತ್ತಾನೆ. ಗ್ಯಾಲರಿಯಲ್ಲಿ ಕೂತ ಸಾವಿರಾರು ಜನ ಒಟ್ಟಿಗೆ ಬೊಬ್ಬೆ ಹಾಕುವುದು ಹೆಚ್ಚಾಗಿ ಈ ತಪ್ಪಿಗೇ. ಆದರೆ ಅದೇ ಬೆನ್ನಿನ ಮೇಲೆ ಮಂಡಿ ಊರಿ ಎಗರಿ, ಎದುರಾಳಿಯ ಭುಜವನ್ನು ಏಣಿಯ ಮೆಟ್ಟಿಲು ಮಾಡಿಕೊಂಡು ಗಾಳಿಯಲ್ಲಿ ಚೆಂಡು ಹಿಡಿದರೆ ಅದು ತಪ್ಪಲ್ಲ, ಮಹಾ ಸಾಹಸ. ಚೆಂಡು ಹಿಡಿಯುವ ನಿಜವಾದ ಪ್ರಯತ್ನ ಆಗಿದ್ದರೆ ಸಾಕು. ಅಲ್ಲಿನವರು ಇದನ್ನು ಪ್ರೀತಿಯಿಂದ "ಸ್ಪೆಕ್ಕಿ" ಎನ್ನುತ್ತಾರೆ. ವರ್ಷದ ಅತ್ಯುತ್ತಮ ಸ್ಪೆಕ್ಕಿಗೆ ಕೊಡುವ ಪದಕಕ್ಕೆ ಅಲೆಕ್ಸ್ ಜೆಸಾಲೆಂಕೊ ಅವರ ಹೆಸರಿದೆ.

ಆ ಹೆಸರಿನ ಹಿಂದೆ 1970ರ ಗ್ರ್ಯಾಂಡ್ ಫೈನಲ್ ಇದೆ. ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ 1,21,696 ಜನ. ಕಾರ್ಲ್‌ಟನ್ ಮತ್ತು ಕಾಲಿಂಗ್‌ವುಡ್ ನಡುವಿನ ಪಂದ್ಯದ ಎರಡನೇ ಕ್ವಾರ್ಟರ್‌ನಲ್ಲಿ ಕಾರ್ಲ್‌ಟನ್‌ನ ಜೆಸಾಲೆಂಕೊ ಓಡಿಬಂದು ಎಗರಿ, ಕಾಲಿಂಗ್‌ವುಡ್‌ನ ಎತ್ತರದ ಆಟಗಾರ ಗ್ರೇಮ್ ಜೆಂಕಿನ್ ಅವರ ಮೈಮೇಲಿಂದ ಚೆಂಡು ಹಿಡಿದರು. ಅರ್ಧ ಶತಮಾನ ದಾಟಿದರೂ ಆ ದೃಶ್ಯವನ್ನು ಮತ್ತೆ ಮತ್ತೆ ಹಾಕುತ್ತಾರೆ. ಅದನ್ನು ಇನ್ನೊಮ್ಮೆ ನೋಡುವಾಗ ಮೇಲಿರುವವರನ್ನು ಬಿಟ್ಟು ಕೆಳಗಿರುವವರನ್ನು ಗಮನಿಸಿ. ಜೆಂಕಿನ್ ಬಾಗಿದ್ದಾರೆ. ಅವರಿಗೆ ಚೆಂಡೂ ಸಿಗಲಿಲ್ಲ, ತಮ್ಮ ಮೇಲೆ ಏನಾಗುತ್ತಿದೆ ಎಂಬುದೂ ಕಾಣಲಿಲ್ಲ. ದೊಡ್ಡ ಕ್ಲಬ್ಬಿಗೆ ವರ್ಷಗಟ್ಟಲೆ ಆಡಿದ ಆ ಆಟಗಾರ ಇತಿಹಾಸದಲ್ಲಿ ಉಳಿದಿರುವುದು ಹೆಚ್ಚಾಗಿ ಒಂದು ಬೆನ್ನಾಗಿ.

ಗಟ್ಟಿಗರ ಕತೆಗಳಿಗೆ ಬರೋಣ, ಏಕೆಂದರೆ ಜೋಕಿನ ಬೇರು ಅಲ್ಲಿದೆ. 1989ರ ಗ್ರ್ಯಾಂಡ್ ಫೈನಲ್ಲಿನಷ್ಟು ಈ ಕತೆಗಳನ್ನು ಹಡೆದ ಪಂದ್ಯ ಇನ್ನೊಂದಿಲ್ಲ. ಆಟ ಶುರುಮಾಡಲು ಅಂಪೈರ್ ನೆಲಕ್ಕೆ ಬಡಿದು ಪುಟಿಸಿದ ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಜೀಲಾಂಗ್‌ನ ಮಾರ್ಕ್ ಯೇಟ್ಸ್ ನೇರ ಓಡಿಬಂದು ಹಾಥಾರ್ನ್‌ನ ಡರ್ಮಟ್ ಬ್ರೆರಟನ್ ಅವರ ಮೈಗೆ ಅಪ್ಪಳಿಸಿದರು. ಅದು ಆಕಸ್ಮಿಕವಲ್ಲ, ಮೊದಲೇ ಹಾಕಿಕೊಂಡಿದ್ದ ಲೆಕ್ಕ. ಬ್ರೆರಟನ್ ಕುಸಿದರು, ವಾಂತಿ ಮಾಡಿಕೊಂಡರು. ಪಕ್ಕೆಲುಬು ಮುರಿದಿತ್ತು, ಮೂತ್ರಪಿಂಡಕ್ಕೂ ಪೆಟ್ಟಾಗಿತ್ತು. ಹೊರಗೆ ಕರೆದೊಯ್ಯಲು ಬಂದವರನ್ನು ದೂರ ಸರಿಸಿ ಮೈದಾನದಲ್ಲೇ ಉಳಿದು, ಕೆಲವೇ ನಿಮಿಷಗಳಲ್ಲಿ ಗೋಲು ಹೊಡೆದರು. ಅದೇ ಪಂದ್ಯದಲ್ಲಿ ಅವರ ತಂಡದ ರಾಬರ್ಟ್ ಡಿಪಿಯರ್‌ಡೊಮೆನಿಕೊ ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ತೂತು ಬಿದ್ದ ಸ್ಥಿತಿಯಲ್ಲಿ ಆಡಿದರು, ಪಂದ್ಯ ಮುಗಿದ ಮೇಲೆ ಆಸ್ಪತ್ರೆ ಸೇರಿದರು. ಹಾಥಾರ್ನ್ 144, ಜೀಲಾಂಗ್ 138. ಆರು ಅಂಕದ ಗೆಲುವು.

ಇದೊಂದು ಪರಂಪರೆಯೇ ಆಗಿಬಿಟ್ಟಿದೆ. 2003ರ ಫೈನಲ್‌ನಲ್ಲಿ ಬ್ರಿಸ್ಬೇನ್‌ನ ನೈಜಲ್ ಲ್ಯಾಪಿನ್ ಮುರಿದ ಪಕ್ಕೆಲುಬಿನೊಂದಿಗೆ ಆಡಿದರು. 2008ರಲ್ಲಿ ಹಾಥಾರ್ನ್‌ನ ಲೂಕ್ ಹಾಡ್ಜ್ ಅದೇ ಥರ ಆಡಿ ಫೈನಲ್‌ನ ಶ್ರೇಷ್ಠ ಆಟಗಾರನ ಪದಕವನ್ನೂ ಗೆದ್ದರು. ಡೇನಿಯಲ್ ಚಿಕ್ ಎಂಬ ಆಟಗಾರ ಪದೇಪದೇ ಕೈಕೊಡುತ್ತಿದ್ದ ಬೆರಳಿನ ಭಾಗವನ್ನೇ ಕತ್ತರಿಸಿ ತೆಗೆಸಿಕೊಂಡರು, ಆಟ ತಪ್ಪಬಾರದಲ್ಲ ಎಂದು.

ಈ ಪಟ್ಟಿಯಲ್ಲಿ ಪಕ್ಕೆಲುಬಿದೆ, ಶ್ವಾಸಕೋಶವಿದೆ, ಬೆರಳಿದೆ. ಬೆನ್ನು ಇಲ್ಲ. ಬೆನ್ನುನೋವಿನಿಂದ ನರಳುತ್ತ ಆಡಿದವರು ಇವರೆಲ್ಲರಿಗಿಂತ ಹೆಚ್ಚು ಮಂದಿ ಇರುವಾಗ ಅದೇಕೆ ದಂತಕತೆಯಾಗಲಿಲ್ಲ?

ಕಾಣುವುದಿಲ್ಲ, ಅದಕ್ಕೆ. ರಕ್ತ ಸುರಿದರೆ ಕ್ಯಾಮೆರಾ ಹತ್ತಿರ ಬರುತ್ತದೆ. ಮೂಳೆ ಮುರಿದರೆ ಎಕ್ಸ್‌ರೇಯಲ್ಲಿ ಗೆರೆ ಸಿಗುತ್ತದೆ. ಸೊಂಟದ ಕೆಳಭಾಗದಲ್ಲಿ ಎರಡು ಕಶೇರುಗಳ ನಡುವಿನ ಡಿಸ್ಕ್ ಉಬ್ಬಿ ನರವನ್ನು ಒತ್ತಿದರೆ ನೋವು ಕಾಣಿಸಿಕೊಳ್ಳುವುದು ತೊಡೆಯಲ್ಲೋ ಹಿಮ್ಮಡಿಯಲ್ಲೋ. ನೋಡುವವರಿಗೆ ಅವನು ಸ್ವಲ್ಪ ನಿಧಾನವಾಗಿದ್ದಾನೆ, ಅಷ್ಟೆ. ಸ್ಕ್ಯಾನ್ ಕೂಡ ಪೂರ್ತಿ ಸಾಕ್ಷಿ ಹೇಳುವುದಿಲ್ಲ. ನೋವೇ ಇಲ್ಲದವರ ಬೆನ್ನಿನ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, 20ರ ಹರೆಯದವರಲ್ಲೇ ಶೇ 37ರಷ್ಟು ಮಂದಿಯಲ್ಲಿ ಡಿಸ್ಕ್ ಸವೆತದ ಗುರುತಿತ್ತು, 80ರ ವಯಸ್ಸಿನವರಲ್ಲಿ ಅದು ಶೇ 96. ಸ್ಕ್ಯಾನ್‌ನಲ್ಲಿ ಕಂಡದ್ದೆಲ್ಲ ನೋಯುವುದಿಲ್ಲ, ನೋಯುವುದೆಲ್ಲ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ಹೀಗಿರುವಾಗ ಬೆನ್ನುನೋವು ಎಂದವನ ಮಾತನ್ನು ನಂಬಬೇಕು, ಇಲ್ಲ ನಗಬೇಕು. ಅಭಿಮಾನಿಗೆ ಎರಡನೆಯದು ಸಲೀಸು.

ಇನ್ನೊಂದು ಕಾರಣವೂ ಇದೆ. ಬೆನ್ನುನೋವು ಎಲ್ಲರ ಮನೆಯದು. 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತು ಎಂಬ ಅಂದಾಜಿದೆ. ಮುರಿದ ಪಕ್ಕೆಲುಬಿನ ಬಗ್ಗೆ ಮಾತಾಡಲು ಹೆಚ್ಚಿನವರಿಗೆ ಅನುಭವವಿಲ್ಲ, ಹಾಗಾಗಿ ಭಯಭಕ್ತಿಯಿಂದ ಸುಮ್ಮನಿರುತ್ತಾರೆ. ಸೊಂಟ ಹಿಡಿದುಕೊಂಡದ್ದರ ಬಗ್ಗೆ ಮಾತ್ರ ಎಲ್ಲರೂ ಪಂಡಿತರು. ನಮ್ಮ ಮನೆಗಳಲ್ಲೂ ನೋಡಿ, ಯಾರಾದರೂ ಸೊಂಟ ಹಿಡಿದುಕೊಂಡು ಏಳಲಾರದೆ ಕೂತರೆ ಬಿಸಿ ಎಣ್ಣೆ ತರಲು ಹೋಗುವವರು ಒಬ್ಬರು, ನಗುವವರು ಮೂವರು. ಗಂಡಾಂತರವಲ್ಲ ಎಂಬ ಧೈರ್ಯ ಎಲ್ಲರಿಗೂ. ಸಿಂಹದಂಥವನಿಗೂ ನಮ್ಮ ಹಾಗೇ ಸೊಂಟ ಹಿಡಿಯುತ್ತದಲ್ಲ ಎಂಬುದರಲ್ಲಿ ಒಂದು ತಮಾಷೆ ಇದೆ, ಅದನ್ನು ಕ್ರೌರ್ಯ ಎನ್ನುವುದು ಅತಿಯಾಗುತ್ತದೆ. ದೊಡ್ಡವರ ಕಾಲೆಳೆಯುವುದು ಆಸ್ಟ್ರೇಲಿಯದಲ್ಲಿ ಸಲಿಗೆಯ ಭಾಷೆ. ಕಾಲೆಳೆಸಿಕೊಳ್ಳದವನು ಇನ್ನೂ ಪರಕೀಯ ಎಂದೇ ಅರ್ಥ.

ಕ್ಲಬ್ಬುಗಳೂ ಈ ನಗುವಿಗೆ ಸೌದೆ ಒಟ್ಟುತ್ತವೆ. ಋತುವಿನ ಉದ್ದಕ್ಕೂ ವಾರಕ್ಕೊಮ್ಮೆ, ಸಾಮಾನ್ಯವಾಗಿ ಮಂಗಳವಾರ, ಗಾಯಾಳುಗಳ ಪಟ್ಟಿ ಹೊರಬರುತ್ತದೆ. ಹೆಸರು, ಗಾಯವಾದ ಅಂಗ, ಎಷ್ಟು ವಾರ. "ಬೆನ್ನು, ಟೆಸ್ಟ್" ಎಂದಿದ್ದರೆ ಆಡಬಹುದು, ಆಡದಿರಬಹುದು, ನೋಡೋಣ ಎಂದರ್ಥ. ಆಟಗಾರನಿಗೆ ವಿಶ್ರಾಂತಿ ಕೊಟ್ಟರೆ "ಮ್ಯಾನೇಜ್ಡ್" ಎನ್ನುತ್ತಾರೆ. ಎಲ್ಲಕ್ಕಿಂತ ಹೆಸರುವಾಸಿಯಾದದ್ದು "ಜನರಲ್ ಸೋರ್ನೆಸ್", ಅಂದರೆ ಒಟ್ಟಾರೆ ಮೈಕೈ ನೋವು. ನಮ್ಮ ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇದ್ದ ಹಾಗೆ ಜನರಲ್ ಸೋರ್ನೆಸ್ ಎಂಬ ಸೇನಾಧಿಕಾರಿಯೊಬ್ಬ ಇದ್ದಾನೆ, ಪ್ರತಿ ವಾರ ಒಬ್ಬೊಬ್ಬ ಆಟಗಾರನನ್ನು ಸೆರೆಹಿಡಿಯುತ್ತಾನೆ ಎಂದು ಅಭಿಮಾನಿಗಳು ಆಡಿಕೊಳ್ಳುತ್ತಾರೆ. ಈ ಜೋಕು ನನಗೆ ಇಷ್ಟ. ಅದು ನೋವಿಗೆ ನಗುವುದಿಲ್ಲ, ನೋವನ್ನು ಮುಚ್ಚಿಡುವ ಆಫೀಸು ಭಾಷೆಗೆ ನಗುತ್ತದೆ.

ಮುಚ್ಚಿಡಲು ಕ್ಲಬ್ಬಿಗೆ ಕಾರಣವಿಲ್ಲದಿಲ್ಲ. ತಂಡದೊಳಗಿನ ಮಾಹಿತಿ ಅಂದರೆ ಬೆಟ್ಟಿಂಗ್‌ನಲ್ಲಿ ದುಡ್ಡು. 2011ರಲ್ಲಿ ಕಾಲಿಂಗ್‌ವುಡ್‌ನ ಹೀತ್ ಶಾ ತಮ್ಮದೇ ನಾಯಕ ನಿಕ್ ಮ್ಯಾಕ್ಸ್‌ವೆಲ್ ಪಂದ್ಯದ ಮೊದಲ ಗೋಲು ಹೊಡೆಯುತ್ತಾರೆ ಎಂದು ಬಾಜಿ ಕಟ್ಟಿ ಸಿಕ್ಕಿಬಿದ್ದು 8 ಪಂದ್ಯ ಹೊರಗೆ ಕೂತರು. ಸಾಮಾನ್ಯವಾಗಿ ಹಿಂದೆ ಆಡುವ ನಾಯಕ ಆ ದಿನ ಮುಂದಿನಿಂದ ಶುರುಮಾಡುತ್ತಾರೆ ಎಂಬುದು ಒಳಗಿನವರಿಗೆ ಗೊತ್ತಿತ್ತು. ಅಷ್ಟು ಸಣ್ಣ ಸುದ್ದಿಗೇ ಬೆಲೆ ಇದ್ದರೆ, ಪ್ರಮುಖ ಆಟಗಾರನ ಸೊಂಟದ ಸುದ್ದಿಗೆ ಎಷ್ಟಿರಬಹುದು! ಇದರ ಜೊತೆಗೆ ಸೂಪರ್‌ಕೋಚ್‌ನಂಥ ಫ್ಯಾಂಟಸಿ ಆಟಗಳಿವೆ. ಅಲ್ಲಿ ಆಟಗಾರ ಎಂದರೆ ಅಂಕ ತರುವ ಒಂದು ಸಾಲು. ಪಂದ್ಯಕ್ಕೆ ಇನ್ನೇನು ಒಂದು ಗಂಟೆ ಇದೆ ಎನ್ನುವಾಗ ಅವನ ಬೆನ್ನು ಹಿಡಿದುಕೊಂಡು ತಂಡದಿಂದ ಹೊರಗುಳಿದರೆ ಅದು ಫ್ಯಾಂಟಸಿ ಆಡುವ ಅಭಿಮಾನಿಯ ಪಾಲಿಗೆ ಸ್ವಂತ ನಷ್ಟ. ಆಗ ಹುಟ್ಟುವ ಜೋಕಿನಲ್ಲಿ ಸಲಿಗೆ ಇರುವುದಿಲ್ಲ, ಲುಕ್ಸಾನು ಮಾತಾಡುತ್ತಿರುತ್ತದೆ.

ಈಗ ಒಬ್ಬರ ಬೆನ್ನನ್ನು ಹತ್ತಿರದಿಂದ ನೋಡೋಣ. ಜೀಲಾಂಗ್‌ನ ಟಾಮ್ ಹಾಕಿನ್ಸ್, 198 ಸೆಂಟಿಮೀಟರ್ ಎತ್ತರದ ಮುಂಚೂಣಿ ಆಟಗಾರ. 2012ರಲ್ಲಿ 62 ಗೋಲು ಹೊಡೆದು, ಹಾಥಾರ್ನ್ ವಿರುದ್ಧ ಸೈರನ್ ಮೊಳಗಿದ ಮೇಲೆ ದೂರದಿಂದ ಒದ್ದ ಚೆಂಡಿನಿಂದ ಪಂದ್ಯ ಗೆಲ್ಲಿಸಿ, ಕ್ಲಬ್ಬಿನ ವರ್ಷದ ಆಟಗಾರನಾಗಿ ಮೆರೆದಿದ್ದರು. 2013ರಲ್ಲಿ ಬೆನ್ನು ಕೈಕೊಟ್ಟಿತು. ಅವರು ಮಾಡುವ ಕೆಲಸವನ್ನು ಒಮ್ಮೆ ಯೋಚಿಸಿ. ಹಿಂದೆ ನಿಂತ ಡಿಫೆಂಡರ್ ಸೊಂಟಕ್ಕೆ ಒತ್ತಿಕೊಂಡೇ ಇರುತ್ತಾನೆ, ಅವನನ್ನು ಬೆನ್ನಿನಿಂದಲೇ ತಡೆದು ಜಾಗ ಹಿಡಿಯಬೇಕು. ಎಗರಿ ಎರಡೂ ಕೈ ಮೇಲೆತ್ತಿ ಚೆಂಡು ಹಿಡಿದ ಮೇಲೆ ಬೀಳುವಾಗ ಊರಲು ಕೈ ಇರುವುದಿಲ್ಲ. ಗೋಲಿಗೆ ಒದೆಯುವಾಗ ಒಂದು ಕಾಲು ನೆಲಕ್ಕೆ ನಾಟಿ, ಇನ್ನೊಂದು ಬೀಸಿ, ನಡುವೆ ಸೊಂಟ ಹಿಂಡಿದ ಬಟ್ಟೆಯಂತೆ ತಿರುಚಬೇಕು. ಆ ವರ್ಷ ಹಾಕಿನ್ಸ್ ಆಡುವುದನ್ನು ಬಿಡಲಿಲ್ಲ, ಗೋಲು ಮಾತ್ರ 49ಕ್ಕೆ ಇಳಿಯಿತು.

ಇಲ್ಲಿ ಒಂದು ವಿಚಿತ್ರವಿದೆ. ಈ ಆಟದ ಅಗ್ರ ಲೀಗ್ 1992ರಿಂದ ಗಾಯಗಳ ವಾರ್ಷಿಕ ಸಮೀಕ್ಷೆ ನಡೆಸಿಕೊಂಡು ಬಂದಿದೆ. ಇಷ್ಟು ದೀರ್ಘಕಾಲ ಗಾಯದ ಲೆಕ್ಕವನ್ನು ಬಹಿರಂಗವಾಗಿ ಇಟ್ಟ ಲೀಗುಗಳು ಜಗತ್ತಿನಲ್ಲೇ ಕಡಿಮೆ, ಅದಕ್ಕೆ ಮೆಚ್ಚುಗೆ ಸಲ್ಲಬೇಕು. ಆದರೆ ಆ ಸಮೀಕ್ಷೆ ಗಾಯ ಎಂದು ಎಣಿಸುತ್ತ ಬಂದದ್ದು ಆಟಗಾರ ಪಂದ್ಯ ತಪ್ಪಿಸಿಕೊಳ್ಳುವಂತೆ ಮಾಡಿದ್ದನ್ನು. ತೊಡೆಯ ಹಿಂಭಾಗದ ಸ್ನಾಯು ಹರಿದರೆ ಓಡಲು ಆಗುವುದೇ ಇಲ್ಲ, ಹಾಗಾಗಿ ಹ್ಯಾಮ್‌ಸ್ಟ್ರಿಂಗ್ ಪಟ್ಟಿಯ ಮೇಲ್ತುದಿಯಲ್ಲಿರುತ್ತದೆ. ಬೆನ್ನು ಹಾಗಲ್ಲ. ಹಲ್ಲು ಕಚ್ಚಿಕೊಂಡು, ಮಾತ್ರೆ ನುಂಗಿ, ಮಸಾಜ್ ಮಾಡಿಸಿಕೊಂಡು ಆಡಿಬಿಡಬಹುದು. ಆಡಿದರೆ ಲೆಕ್ಕಕ್ಕೆ ಸಿಗುವುದಿಲ್ಲ. ಆಟದ ಗುಣಮಟ್ಟ ಕುಸಿಯುತ್ತದೆ, ಅಭಿಮಾನಿ ಗೊಣಗುತ್ತಾನೆ, ಅಂಕಿಅಂಶದಲ್ಲಿ ಮಾತ್ರ ಆ ಮನುಷ್ಯ ಆರೋಗ್ಯವಂತ. ಹಾಕಿನ್ಸ್ ಮುಂದೆ ಚೇತರಿಸಿಕೊಂಡು 359 ಪಂದ್ಯಗಳಿಗೆ, ಕ್ಲಬ್ಬಿನ ದಾಖಲೆಗೆ, ಹೋಗಿ ಮುಟ್ಟಿದ್ದು ಬೇರೆ ಮಾತು. ಎಲ್ಲರ ಬೆನ್ನೂ ಅಷ್ಟು ಉದಾರವಾಗಿರುವುದಿಲ್ಲ.

"ತಂಡ ಹೊತ್ತ ಬೆನ್ನು" ಎಂಬ ಜೋಕನ್ನು ನಾವೂ ಆಡಿದ್ದೇವೆ, ಅದೂ ಆಸ್ಟ್ರೇಲಿಯದ ನೆಲದ ಮೇಲೆ ನಡೆದದ್ದಕ್ಕೆ. 2025ರ ಜನವರಿಯ ಸಿಡ್ನಿ ಟೆಸ್ಟ್‌ನ ಎರಡನೇ ದಿನ ಜಸ್‌ಪ್ರೀತ್ ಬುಮ್ರಾ ಬೆನ್ನು ಹಿಡಿದುಕೊಂಡು ಸ್ಕ್ಯಾನ್‌ಗೆ ಹೋದಾಗ ಫೋನಿನಿಂದ ಫೋನಿಗೆ ಹಾರಿದ ಮಾತು ಇದೇ. ಜೋಕಿಗೆ ಆಧಾರವಿತ್ತು: ಆ ಸರಣಿಯಲ್ಲಿ 150ಕ್ಕೂ ಹೆಚ್ಚು ಓವರ್, 32 ವಿಕೆಟ್. ಅವರ ನಂತರದ ಭಾರತೀಯ ಬೌಲರ್‌ಗೆ 20. ಅವರಿಲ್ಲದ ಕೊನೆಯ ಇನಿಂಗ್ಸ್‌ನಲ್ಲಿ 3 ವಿಕೆಟ್ ತೆಗೆದು ಹೋರಾಡಿದವರು ನಮ್ಮ ಪ್ರಸಿದ್ಧ ಕೃಷ್ಣ. ಪ್ರಸಿದ್ಧರೂ ಬೆನ್ನಿನ ಕೆಳಭಾಗದ ಸ್ಟ್ರೆಸ್ ಫ್ರ್ಯಾಕ್ಚರ್‌ನಿಂದಾಗಿ 2023ರ ಐಪಿಎಲ್ ಪೂರ್ತಿ ಕಳೆದುಕೊಂಡವರು ಎಂಬುದನ್ನು ಆ ದಿನ ಎಷ್ಟು ಜನ ನೆನೆದರೋ. ಅವರ ಬೆನ್ನಿನ ಬಗ್ಗೆ ಜೋಕಿರಲಿಲ್ಲ. ತಂಡ ಹೊತ್ತವನೆಂಬ ಪಟ್ಟ ಸಿಕ್ಕವನ ಬೆನ್ನು ಮಾತ್ರ ಸಾರ್ವಜನಿಕ ಆಸ್ತಿಯಾಗುತ್ತದೆ.

ನನ್ನ ತಕರಾರು ಇರುವುದೂ ಅಲ್ಲೇ. ಹುಳಿ ಜೋಕುಗಳನ್ನು ಬೈಯುವುದು ಸುಲಭ. ಸಂಬಳದ ಚೆಕ್ಕಿನ ಮಾತು ಕೇಳಿದ ಆಟಗಾರ ಹಲ್ಕಾ ಮಂದಿ ಎಂದು ಬಾಯಲ್ಲೇ ಬೈದುಕೊಂಡು ಫಿಸಿಯೊ ಹತ್ತಿರ ಹೋಗುತ್ತಾನೆ. ಹೊಗಳಿಕೆಯ ಜೋಕನ್ನು ಹಾಗೆ ಕೊಡವಿಕೊಳ್ಳಲಾಗುವುದಿಲ್ಲ. ನೀನು ಹೊತ್ತಿರುವುದರಿಂದಲೇ ನಾವು ನಿಂತಿದ್ದೇವೆ ಎಂದು ನಗುನಗುತ್ತ ಹೇಳಿದವರಿಗೆ, ಈ ವಾರ ಇಳಿಸುತ್ತೇನೆ ಎನ್ನುವುದು ಹೇಗೆ? ಬ್ರೆರಟನ್ ಎದ್ದು ನಿಂತದ್ದು ಯಾರೋ ಹಂಗಿಸಿದರು ಎಂದಲ್ಲ. ಗಟ್ಟಿಗ ಎಂಬ ಹೆಸರು ಆಗಲೇ ಅಂಟಿತ್ತು. ಆ ಹೆಸರು ಉಳಿಸಿಕೊಳ್ಳಲು ಮನುಷ್ಯ ಏನೇನು ನುಂಗಿಕೊಳ್ಳುತ್ತಾನೆ ಎಂಬುದು ಈ ಆಟಕ್ಕೆ ತಡವಾಗಿ ಗೊತ್ತಾಗಿದೆ.

ತಡವಾಗಿ ಗೊತ್ತಾದದ್ದು ತಲೆಯ ಮೂಲಕ. 1989ರ ಅದೇ ಫೈನಲ್‌ನಲ್ಲಿ ಹಾಥಾರ್ನ್‌ನ ಜಾನ್ ಪ್ಲಾಟನ್ ತಲೆಗೆ ಪೆಟ್ಟು ಬಿದ್ದು ಹೊರನಡೆದಿದ್ದರು. ತಾನು ಗೆದ್ದ ಫೈನಲ್ ತನಗೇ ನೆನಪಿಲ್ಲ ಎಂಬುದು ವರ್ಷಗಟ್ಟಲೆ ಔತಣಕೂಟಗಳಲ್ಲಿ ನಗೆ ಉಕ್ಕಿಸುವ ಕತೆಯಾಗಿತ್ತು. ಮುಂದೆ ಪ್ಲಾಟನ್ ತಮ್ಮ ನೆನಪಿನ ತೊಂದರೆಯ ಬಗ್ಗೆ ಬಹಿರಂಗವಾಗಿಯೇ ಮಾತಾಡಿದರು. 2020ರಲ್ಲಿ, ಹಿಂದಿನ ವರ್ಷ ತೀರಿಕೊಂಡಿದ್ದ ದಂತಕತೆ ಗ್ರಹಾಂ ಫಾರ್ಮರ್ ಅವರ ಮಿದುಳಿನಲ್ಲಿ ಪದೇಪದೇ ಬಿದ್ದ ಪೆಟ್ಟುಗಳಿಂದ ಬರುವ ಸಿಟಿಇ ಕಾಯಿಲೆ ಪತ್ತೆಯಾಯಿತು. ಡ್ಯಾನಿ ಫ್ರಾಲಿ ಅವರ ಮಿದುಳಿನಲ್ಲೂ ಅದೇ. ಸೇಂಟ್ ಕಿಲ್ಡಾದ ಒರಟು ಡಿಫೆಂಡರ್ ಆಗಿದ್ದ ಫ್ರಾಲಿ ನಿವೃತ್ತಿಯಾದ ಮೇಲೆ ಟಿವಿಯಲ್ಲಿ ಎಲ್ಲರನ್ನೂ ನಗಿಸುತ್ತಿದ್ದವರು, ತಮ್ಮನ್ನೇ ಲೇವಡಿ ಮಾಡಿಕೊಳ್ಳುವುದರಲ್ಲಿ ನಿಸ್ಸೀಮರು. 2019ರ ಸೆಪ್ಟೆಂಬರ್‌ನಲ್ಲಿ, 56 ತುಂಬಿದ ಮರುದಿನ, ಕಾರು ಅಪಘಾತದಲ್ಲಿ ಹೋದರು. ಈಗ ತಲೆಗೆ ಪೆಟ್ಟು ಬಿದ್ದು ಕನ್‌ಕಷನ್ ಎಂದು ಖಚಿತವಾದರೆ ಕನಿಷ್ಠ 12 ದಿನ ಆಡುವಂತಿಲ್ಲ. ಆ ಬಗ್ಗೆ ಜೋಕು ಮಾಡುವ ಧೈರ್ಯವೂ ಗ್ಯಾಲರಿಯಲ್ಲಿ ಕಡಿಮೆಯಾಗಿದೆ. ಯಾರೂ ನಿಷೇಧಿಸಲಿಲ್ಲ, ನಗು ತಾನಾಗಿಯೇ ಗಂಟಲಲ್ಲಿ ನಿಂತಿತು.

ಬೆನ್ನನ್ನು ಮಿದುಳಿನ ಪಕ್ಕ ಇಡುವುದು ನ್ಯಾಯವಲ್ಲ, ನನಗೂ ಗೊತ್ತು. ಉಬ್ಬಿದ ಡಿಸ್ಕ್‌ಗಳಲ್ಲಿ ಹೆಚ್ಚಿನವು ವಿಶ್ರಾಂತಿ, ವ್ಯಾಯಾಮಗಳಿಂದ ಸುಧಾರಿಸುತ್ತವೆ. ಬೆನ್ನುನೋವಿಗೆ ನಗಬೇಡಿ ಎಂದು ಬೋರ್ಡ್ ಹಾಕಿದರೆ ಮೊದಲು ನಗುವವರು ಆಟಗಾರರೇ. ಡ್ರೆಸ್ಸಿಂಗ್ ರೂಮಿನಲ್ಲಿ ಮೂವತ್ತು ದಾಟಿದವನನ್ನು ಅಜ್ಜ ಎಂದು ಕರೆಯದೆ ಒಂದು ದಿನವೂ ಕಳೆಯುವುದಿಲ್ಲ. ಆದರೂ ತಲೆಯ ವಿಷಯದಲ್ಲಿ ಒಂದು ಸಂಗತಿ ಬದಲಾಗಿದೆ: ಆಡುವುದೋ ಬಿಡುವುದೋ ಎಂಬ ತೀರ್ಮಾನ ಆಟಗಾರನ ಕೈಯಿಂದ ವೈದ್ಯರ ಕೈಗೆ ಹೋಗಿದೆ. ಬೆನ್ನಿಗೆ ಅಂಥ ದಿನಗಳ ಲೆಕ್ಕವಿಲ್ಲ. ನೋವು ಎಷ್ಟಿದೆ ಎಂದು ವೈದ್ಯರು ಕೇಳುತ್ತಾರೆ, ಅವನು ಹೇಳಿದ್ದೇ ಅಳತೆ. ಆ ಉತ್ತರ ಹೇಳುವಾಗ ಅವನ ಕಿವಿಯಲ್ಲಿ ಗ್ಯಾಲರಿ ಇರುತ್ತದೆ.

ಮಂಗಳವಾರ ಮತ್ತೆ ಪಟ್ಟಿ ಬರುತ್ತದೆ. ಅವನ ಹೆಸರಿನ ಮುಂದೆ "ಬೆನ್ನು, ಟೆಸ್ಟ್". ಹೊತ್ತು ಹೊತ್ತು ಸಾಕಾಗಿದೆ ಪಾಪ ಎಂದು ಊರೆಲ್ಲ ನಗುತ್ತದೆ. ಎದುರಾಳಿ ತಂಡದಲ್ಲಿ ಅವನ ಹಿಂದೆ ನಿಲ್ಲಬೇಕಾದ ಡಿಫೆಂಡರ್ ಕೂಡ ಆ ಪಟ್ಟಿ ಓದುತ್ತಾನೆ. ಶನಿವಾರ ಮೊದಲ ಚೆಂಡು ಮೇಲೇಳುವ ಮುನ್ನವೇ ಅವನ ಮುಷ್ಟಿ ಸೊಂಟದ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಒತ್ತಿ ನೋಡುತ್ತದೆ, ನೋವು ಯಾವ ಕಡೆಗಿದೆ ಎಂದು.